ತುಕ್ಕು ಹಿಡಿಯದ ಬೋಲ್ಟು ಕಚ್ಚಿ ಹಿಡಿದಾಗ

2023ರ ಜುಲೈ ಮೂರನೇ ವಾರ. ಅಡಿಕೆಗೆ ಎರಡನೇ ಮದ್ದು ಬಿಡುವ ದಿನ ಮೀರುತ್ತಾ ಬಂದಿತ್ತು. ಜೂನ್ ಮೊದಲ ವಾರ ಒಂದು ಸುತ್ತು ಬೋರ್ಡೋ ಬಿಟ್ಟಾಗಿತ್ತು. 40-45 ದಿನಕ್ಕೆ ಎರಡನೆಯದು ಆಗಬೇಕು. ಆದರೆ ಮಳೆ ಬಿಡಬೇಕಲ್ಲ? ಐದು ದಿನ ಸುರಿದು ಆರನೇ ದಿನ ಬೆಳಿಗ್ಗೆ ಹೊಳವಾಯಿತು. ಮರ ಏರುವ ಇಬ್ಬರು ಏಳೂವರೆಗೇ ಬಂದರು. ಮೈಲುತುತ್ತು ಹಿಂದಿನ ರಾತ್ರಿಯೇ ನೆನೆಹಾಕಿದ್ದೆ. ಸುಣ್ಣ ಕಲಸಿಯಾಗಿತ್ತು.

ಪಂಪು ಚಾಲೂ ಮಾಡಿದರೆ ಬೆಲ್ಟು ಜಾರುತ್ತಿತ್ತು. ದೊಡ್ಡ ಕೆಲಸವೇನಲ್ಲ. ಎಂಜಿನು ಕೂತ ಚೌಕಟ್ಟಿನ ನಾಲ್ಕು ಬೋಲ್ಟು ಸಡಿಲಿಸಿ, ಎಂಜಿನನ್ನು ಅರ್ಧ ಇಂಚು ಹಿಂದಕ್ಕೆ ಎಳೆದು, ಮತ್ತೆ ಬಿಗಿ ಮಾಡಿದರಾಯಿತು. ಹತ್ತು ನಿಮಿಷದ ಕೆಲಸ. ಹಿಂದಿನ ವರ್ಷ ಅಲ್ಲಿದ್ದ ಕಬ್ಬಿಣದ ಬೋಲ್ಟುಗಳು ಮೈಲುತುತ್ತಿನ ನೀರು ಬಿದ್ದು ತಿಂದು ಹೋಗಿದ್ದವು. ಹಾಗಾಗಿ ಈ ಸಲ ನಾನೇ ಜಾಣತನ ಮಾಡಿ ಪೇಟೆಯಿಂದ ಸ್ಟೇನ್‌ಲೆಸ್ ಸ್ಟೀಲಿನ 10 ಎಂಎಂ ಬೋಲ್ಟು, ಅದರದ್ದೇ ನಟ್ಟು ತಂದಿಟ್ಟಿದ್ದೆ. ಹಳೆಯದ್ದನ್ನು ಬಿಚ್ಚಿ ಬಿಸಾಡಿ ಹೊಸದ್ದನ್ನು ಹಾಕಿದೆ. ಬೇಗ ಆಗಲಿ ಅಂತ ಬ್ಯಾಟರಿಯ ಸ್ಪಾನರ್ ಮೆಷಿನ್ನನ್ನು ಹಿಡಿದೆ.

ಮೊದಲ ಬೋಲ್ಟು ಸರಿಯಾಗಿ ಕೂತಿತು. ಎರಡನೆಯದು ಪೂರ್ತಿ ಬಿಗಿಯಾಗಲು ಇನ್ನು ನಾಲ್ಕು ಸುತ್ತು ಬಾಕಿ ಇರುವಾಗ "ಕಿರ್ರ್" ಎಂದು ನಿಂತಿತು. ಮುಂದೆಯೂ ಹೋಗದು, ಹಿಂದೆಯೂ ಬಾರದು. 17ರ ಸ್ಪಾನರಿಗೆ ಪೈಪು ಸಿಕ್ಕಿಸಿ ಎಳೆದೆ. ಬೋಲ್ಟೇ ತಿರುಚಿಕೊಂಡಿತೇ ಹೊರತು ನಟ್ಟು ಕದಲಲಿಲ್ಲ. ಎಂಜಿನು ಸಡಿಲವಾಗಿ ಹಾಗೇ ಸಿಕ್ಕಿಹಾಕಿಕೊಂಡಿತು. ಕತ್ತರಿಸೋಣವೆಂದರೆ ಕರೆಂಟಿಲ್ಲ. ಹ್ಯಾಕ್‌ಸಾ ಬ್ಲೇಡು ಎರಡು ಮುರಿದವು. ಕೊನೆಗೆ ಎಂಜಿನಿನ ಪೆಟ್ರೋಲು ಟ್ಯಾಂಕು ಬಿಚ್ಚಿ, ಪಂಪನ್ನು ಜೀಪಿಗೆ ಹೇರಿ ಪೇಟೆಯ ಗೇರೇಜಿಗೆ ಒಯ್ದು ಕತ್ತರಿಸಿ ತರುವಾಗ ಗಂಟೆ ಎರಡೂವರೆ. ಅರ್ಧ ತೋಟಕ್ಕೂ ಮದ್ದು ಬಿಟ್ಟಾಗಲಿಲ್ಲ, ಮಳೆ ಬಂತು. ಮತ್ತೆ ಒಂದು ವಾರ ಹೊಳವಾಗಲಿಲ್ಲ. ಆ ವರ್ಷ ಕೆಳಗಿನ ತೋಟದಲ್ಲಿ ಕೊಳೆರೋಗಕ್ಕೆ ಉದುರಿದ ಅಡಿಕೆಯನ್ನು ಹೆಕ್ಕುವಾಗಲೆಲ್ಲ ನನಗೆ ನೆನಪಾದದ್ದು ಆ ಒಂದು ನಟ್ಟು.

ಅಂಗಡಿಯವನನ್ನು ಬಯ್ದೆ, ಮಾಲು ಕಳಪೆ ಎಂದೆ. ಆಮೇಲೆ ತಿಳಿಯಿತು, ಮಾಲು ಒಳ್ಳೆಯದೇ ಆಗಿತ್ತು. ತಪ್ಪು ನನ್ನದು. ಈ ತಪ್ಪನ್ನು ನಮ್ಮಲ್ಲಿ ಈಗ ಬಹಳ ಮಂದಿ ಮಾಡುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ತುಕ್ಕಲ್ಲ, ಬೆಸುಗೆ!

ಗೇರೇಜಿನ ಹಿರಿಯ ಫಿಟ್ಟರು ಆ ನಟ್ಟನ್ನು ಉದ್ದಕ್ಕೆ ಎರಡು ಹೋಳು ಮಾಡಿ ತೋರಿಸಿದರು. ತುಕ್ಕಿನ ಸುಳಿವೇ ಇಲ್ಲ. ಒಳಗಿನ ಥ್ರೆಡ್ಡು (ನಮ್ಮ ಕಡೆ 'ಪಿರಿ' ಅನ್ನುವುದೂ ಉಂಟು) ಎರಡು ಮೂರು ಕಡೆ ಕಿತ್ತುಹೋಗಿತ್ತು. ಕಿತ್ತ ಲೋಹ ಬೆಳ್ಳಿಯ ಹಾಗೆ ಹೊಳೆಯುವ ಉಂಡೆಯಾಗಿ ಬೋಲ್ಟಿನ ಮೈಗೆ ಅಂಟಿಕೊಂಡಿತ್ತು. "ಇದು ವೆಲ್ಡಿಂಗ್ ಸ್ವಾಮಿ, ನೀವೇ ಮಾಡಿದ್ದು" ಅಂದರು.

ಎಂಜಿನಿಯರುಗಳು ಇದನ್ನು 'ಗಾಲಿಂಗ್' ಎನ್ನುತ್ತಾರೆ. ಬೆಂಕಿಯಿಲ್ಲದ ಬೆಸುಗೆ ಎಂದರೂ ಸರಿಯೇ. ಇದು ಹೇಗೆ ಆಗುತ್ತದೆಂದು ತಿಳಿದುಕೊಂಡರೆ ತಡೆಯುವ ಉಪಾಯ ತಾನಾಗಿ ಹೊಳೆಯುತ್ತದೆ.

ಸ್ಟೇನ್‌ಲೆಸ್ ಸ್ಟೀಲ್ ಎಂದರೆ ಕಬ್ಬಿಣಕ್ಕೆ ಕನಿಷ್ಠ ಶೇಕಡಾ 10.5ರಷ್ಟು ಕ್ರೋಮಿಯಂ ಸೇರಿಸಿದ ಲೋಹ. ನಮ್ಮ ಅಡುಗೆಮನೆಯ ಒಳ್ಳೆಯ ಪಾತ್ರೆಗಳಲ್ಲಿ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕೆಲ್ ಇರುತ್ತದೆ. ಕೆಲವು ಪಾತ್ರೆಯ ತಳದಲ್ಲಿ '18/8' ಎಂದು ಒತ್ತಿರುವುದು ಅದನ್ನೇ. ಬೋಲ್ಟಿನ ಅಂಗಡಿಯಲ್ಲಿ 304 ಎನ್ನುವುದೂ ಇದೇ ಜಾತಿ. ಇದರ ಕ್ರೋಮಿಯಂ ಗಾಳಿಯ ಆಮ್ಲಜನಕದ ಜೊತೆ ಸೇರಿ ಲೋಹದ ಮೈಮೇಲೆ ಒಂದು ಪೊರೆ ಕಟ್ಟುತ್ತದೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಕೆಲವೇ ಪಾಲಿನಷ್ಟು ತೆಳು. ಕಣ್ಣಿಗೆ ಕಾಣದು. ತುಕ್ಕನ್ನು ತಡೆಯುವುದು ಈ ಪೊರೆಯೇ. ಗೀರಿದರೆ ಗಾಳಿ ಸಿಕ್ಕ ಕೂಡಲೇ ಮತ್ತೆ ಕಟ್ಟಿಕೊಳ್ಳುತ್ತದೆ.

ಆದರೆ ನಟ್ಟಿನ ಒಳಗೆ ಗಾಳಿ ಎಲ್ಲಿದೆ? ಬಿಗಿಯಾಗುತ್ತಾ ಹೋದ ಹಾಗೆ ಬೋಲ್ಟಿನ ಥ್ರೆಡ್ಡೂ ನಟ್ಟಿನ ಥ್ರೆಡ್ಡೂ ಒಂದನ್ನೊಂದು ಒತ್ತಿ ಉಜ್ಜುತ್ತವೆ. ಎಷ್ಟೇ ನಯವಾಗಿ ಕಂಡರೂ ಲೋಹದ ಮೈಯಲ್ಲಿ ಸಣ್ಣ ಸಣ್ಣ ಉಬ್ಬುಗಳು ಇದ್ದೇ ಇವೆ. ಉಬ್ಬಿಗೆ ಉಬ್ಬು ತಾಗಿದಾಗ ಪೊರೆ ಹರಿದುಹೋಗುತ್ತದೆ. ಮತ್ತೆ ಕಟ್ಟಲು ಬಿಡುವಿಲ್ಲ. ಬರೀ ಮೈಗೆ ಬರೀ ಮೈ ತಾಗುತ್ತದೆ. ಎರಡೂ ಒಂದೇ ಜಾತಿಯ ಲೋಹ, ಎರಡೂ ಮೆದುವಾಗಿ ಎಳೆಯುವಂಥದ್ದು. ಅಂಟಿಕೊಳ್ಳುತ್ತವೆ. ನಾವು ಇನ್ನೂ ತಿರುಗಿಸುತ್ತೇವೆ. ಅಂಟಿದ ಚೂರು ಕಿತ್ತು ಬರುತ್ತದೆ. ಸ್ಟೇನ್‌ಲೆಸ್ಸಿನ ಇನ್ನೊಂದು ಗುಣವೆಂದರೆ ಜಜ್ಜಿದಷ್ಟೂ ಗಟ್ಟಿಯಾಗುವುದು. ಆ ಕಿತ್ತ ಚೂರು ಈಗ ಮೊದಲಿಗಿಂತ ಗಟ್ಟಿ. ಅದು ಪಕ್ಕದ ಥ್ರೆಡ್ಡನ್ನು ಗೀರಿ ಇನ್ನಷ್ಟು ಲೋಹ ಕೀಳುತ್ತದೆ. ಉಂಡೆ ದೊಡ್ಡದಾಗುತ್ತದೆ. ಅರ್ಧ ಸುತ್ತಿನೊಳಗೆ ಎಲ್ಲ ಮುಗಿದಿರುತ್ತದೆ.

ಇದಕ್ಕೆ ಬಿಸಿಯೂ ಸೇರುತ್ತದೆ. ಮಾಮೂಲು ಕಬ್ಬಿಣಕ್ಕೆ ಹೋಲಿಸಿದರೆ ಈ ಸ್ಟೀಲು ಬಿಸಿಯನ್ನು ದಾಟಿಸುವುದು ಸುಮಾರು ಮೂರನೇ ಒಂದು ಪಾಲು ಮಾತ್ರ. ಉಜ್ಜಿದಲ್ಲಿ ಹುಟ್ಟಿದ ಬಿಸಿ ಅಲ್ಲೇ ನಿಲ್ಲುತ್ತದೆ. ಬಿಸಿಗೆ ಹಿಗ್ಗುವುದೂ ಕಬ್ಬಿಣಕ್ಕಿಂತ ಹೆಚ್ಚು, ಸುಮಾರು ಒಂದೂವರೆ ಪಟ್ಟು. ಮೆಷಿನಿನಲ್ಲಿ ಗಿರ್ರನೆ ತಿರುಗಿಸಿದ ಒಣ ನಟ್ಟನ್ನು ಒಮ್ಮೆ ಮುಟ್ಟಿ ನೋಡಿ, ಬಿಸಿ ಕೈಗೆ ಗೊತ್ತಾಗುತ್ತದೆ.

ಕಬ್ಬಿಣದ ಬೋಲ್ಟು ಯಾಕೆ ಹೀಗೆ ಮಾಡುವುದಿಲ್ಲ? ಅದರ ಮೇಲೆ ಹೆಚ್ಚಾಗಿ ಸತುವಿನ ಲೇಪ ಇರುತ್ತದೆ. ಸತು ಮೆದು, ಅದೇ ಜಾರಿಕೆಯಂತೆ ಕೆಲಸ ಮಾಡುತ್ತದೆ. ಲೇಪ ಇಲ್ಲದ ಕರಿ ಬೋಲ್ಟಾದರೆ ಕಾರ್ಖಾನೆಯ ಎಣ್ಣೆಯ ಪಸೆ ಇರುತ್ತದೆ. ಸ್ಟೇನ್‌ಲೆಸ್ ಬೋಲ್ಟು ಹೊಳೆಯುತ್ತಾ, ಶುದ್ಧವಾಗಿ, ಒಣಗಿ ಬರುತ್ತದೆ. ಆ ಶುದ್ಧವೇ ಅಪಾಯ.

ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. ಕಬ್ಬಿಣದ ಬೋಲ್ಟು ಹಾಕುವಾಗ ಸುಖ, ಬಿಚ್ಚುವಾಗ ಕಷ್ಟ. ವರ್ಷಗಟ್ಟಲೆ ಕೂತು ತುಕ್ಕು ಹಿಡಿದು ಕಚ್ಚುತ್ತದೆ. ಸ್ಟೇನ್‌ಲೆಸ್ಸು ಸುಮ್ಮನೆ ಕೂತಾಗ ಏನೂ ಮಾಡದು. ಅದು ಕಚ್ಚುವುದು ತಿರುಗುವಾಗ, ಅದೂ ಹೊಸದರಲ್ಲಿ, ಕ್ಷಣಾರ್ಧದಲ್ಲಿ. ಹಾಗಾಗಿ ಎಚ್ಚರ ಇರಬೇಕಾದ್ದು ಹಾಕುವ ಹೊತ್ತಿಗೆ.

ಹಲಸಿನ ಮೇಣದ ಪಾಠ

ನಮ್ಮ ಮನೆಯ ಹೆಂಗಸರಿಗೆ ಈ ವಿದ್ಯೆ ಮೊದಲೇ ಗೊತ್ತು. ಹಲಸಿನ ಹಣ್ಣು ಕೊಯ್ಯುವ ಮೊದಲು ಕೈಗೂ ಕತ್ತಿಗೂ ತೆಂಗಿನೆಣ್ಣೆ ಹಚ್ಚುತ್ತಾರೆ. ಮೇಣ ಅಂಟುವುದಿಲ್ಲ. ಎಣ್ಣೆ ಹಚ್ಚದೆ ಕೊಯ್ದು, ಮೇಣ ಮೆತ್ತಿದ ಮೇಲೆ ಎಣ್ಣೆ ಹುಡುಕಲು ಓಡಿದರೆ ಬಾಗಿಲ ಚಿಲಕಕ್ಕೂ ಮೇಣ, ಎಣ್ಣೆ ಡಬ್ಬಕ್ಕೂ ಮೇಣ!

ಸ್ಟೀಲ್ ಬೋಲ್ಟಿನ ವಿಚಾರವೂ ಇಷ್ಟೇ. ಜಾರಿಕೆ ಮೊದಲೇ ಇರಬೇಕು. ಕಚ್ಚಿದ ಮೇಲೆ ಎಷ್ಟು ಎಣ್ಣೆ ಹೊಯ್ದರೂ ಅದು ಒಳಗೆ ಹೋಗಲು ದಾರಿಯೇ ಇರುವುದಿಲ್ಲ.

ಏನನ್ನು ಹಚ್ಚಬೇಕು?

ಎಲ್ಲಕ್ಕಿಂತ ಒಳ್ಳೆಯದು 'ಆಂಟಿ ಸೀಝ್' ಎಂಬ ಹೆಸರಿನಲ್ಲಿ ಸಿಗುವ ಪೇಸ್ಟು. ಗ್ರೀಸಿನಲ್ಲಿ ನಿಕ್ಕೆಲ್, ತಾಮ್ರ ಅಥವಾ ಮಾಲಿಬ್ಡಿನಂ ಡೈಸಲ್ಫೈಡಿನ ಹುಡಿ ಸೇರಿಸಿದ್ದು. ಒತ್ತಡಕ್ಕೆ ಎಣ್ಣೆ ಹಿಂಡಿ ಹೊರಗೆ ಹೋದರೂ ಹುಡಿ ಮಧ್ಯೆ ಉಳಿಯುತ್ತದೆ. ಲೋಹಕ್ಕೆ ಲೋಹ ತಾಗಲು ಬಿಡುವುದಿಲ್ಲ. ಸ್ಟೇನ್‌ಲೆಸ್ಸಿಗೆ ನಿಕ್ಕೆಲಿನದ್ದು ಅಥವಾ ಮಾಲಿಬ್ಡಿನಂನದ್ದು ಹೆಚ್ಚು ಹೊಂದುತ್ತದೆ. ಅಲ್ಯೂಮಿನಿಯಂ ಇರುವಲ್ಲಿ ತಾಮ್ರದ ಪೇಸ್ಟು ಬೇಡ. ನೀರು ತಾಗಿದರೆ ತಾಮ್ರ ಅಲ್ಯೂಮಿನಿಯಂನ್ನು ತಿನ್ನಿಸುತ್ತದೆ.

ಪೇಸ್ಟು ದುಬಾರಿ ಎನಿಸಬಹುದು. ಆದರೆ ಒಂದು ಬೋಲ್ಟಿಗೆ ಬೇಕಾದ್ದು ಕಡ್ಲೆಕಾಳಿನಷ್ಟು. ಸಣ್ಣ ಡಬ್ಬ ತಂದರೆ ಒಂದು ಮನೆಗೆ ವರ್ಷಗಟ್ಟಲೆ ಬರುತ್ತದೆ. ನಾಲ್ಕು ಮನೆ ಸೇರಿ ಒಂದು ತಂದರೂ ಸಾಕು.

ಅದು ಸಿಗದಿದ್ದರೆ ಎರಡನೇ ಆಯ್ಕೆ ಮಾಲಿಬ್ಡಿನಂ ಇರುವ ಕರಿ ಗ್ರೀಸು. ಟ್ರಾಕ್ಟರು, ಲಾರಿಯ ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತದೆ. ಮೂರನೆಯದು ಮಾಮೂಲು ಗ್ರೀಸು. ಕೈಯಲ್ಲಿ ನಿಧಾನ ತಿರುಗಿಸುವ ಸಣ್ಣ ಬೋಲ್ಟಿಗೆ ಇದೂ ನಡೆಯುತ್ತದೆ. ಮೇಣವೂ ಆದೀತು. ಮೇಣದ ಲೇಪ ಕೊಟ್ಟ ಸ್ಟೇನ್‌ಲೆಸ್ ನಟ್ಟುಗಳೇ ಮಾರಾಟಕ್ಕಿವೆ.

ತೆಂಗಿನೆಣ್ಣೆ, ಎಂಜಿನ್ ಆಯಿಲ್? ಒಣಗಿದ್ದಕ್ಕಿಂತ ಎಷ್ಟೋ ವಾಸಿ. ಆದರೆ ತೆಳು ಎಣ್ಣೆ ಒತ್ತಡಕ್ಕೆ ನಿಲ್ಲದು. ಬೋಲ್ಟನ್ನು ಪೂರ್ತಿ ಬಿಗಿ ಮಾಡುವ ಕೊನೆಯ ಸುತ್ತಿನಲ್ಲೇ ಒತ್ತಡ ಹೆಚ್ಚು. ಅಲ್ಲೇ ಅದು ಕೈಕೊಡುತ್ತದೆ. ಹಲಸಿಗೆ ಸಾಕಾದದ್ದು ಬೋಲ್ಟಿಗೆ ಸಾಲದು.

ಎಲ್ಲಿಗೆ ಹಚ್ಚಬೇಕೆಂಬುದೂ ಮುಖ್ಯ. ಬೋಲ್ಟಿನ ತುದಿಗೆ ಮುಟ್ಟಿಸಿ ಬಿಟ್ಟರೆ ಸಾಲದು. ನಟ್ಟು ಕೂರುವ ಜಾಗದ ಥ್ರೆಡ್ಡಿನ ಸುತ್ತಲೂ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತೆಳುವಾಗಿ ಸವರಿ. ನಟ್ಟು ವಾಶರಿಗೆ ಉಜ್ಜುವ ಮುಖಕ್ಕೂ ಸ್ವಲ್ಪ.

ಒಂದು ಎಚ್ಚರಿಕೆ: ಜಾರಿಕೆ ಇದ್ದಾಗ ಅದೇ ಬಲಕ್ಕೆ ಬೋಲ್ಟು ಹೆಚ್ಚು ಎಳೆಯಲ್ಪಡುತ್ತದೆ. ಒಣ ಬೋಲ್ಟಿಗೆ ಹಾಕುವಷ್ಟೇ ಜೋರು ಹಾಕಿದರೆ ಬೋಲ್ಟು ಹಿಗ್ಗಿ ತುಂಡಾಗಬಹುದು. ಅಂದಾಜು ಕಾಲುಪಾಲು ಬಲ ಕಮ್ಮಿ ಮಾಡಿ.

ಕೈಯ ಕ್ರಮ

ಪೇಸ್ಟು ಹಚ್ಚಿಯೂ ಕ್ರಮ ತಪ್ಪಿದರೆ ಕಚ್ಚುವುದುಂಟು. ನಾನೀಗ ಅನುಸರಿಸುವ ಕ್ರಮ ಹೀಗೆ:

1. ಥ್ರೆಡ್ಡು ಒರೆಸಿ ನೋಡಿ. ಮಣ್ಣು, ಸುಣ್ಣದ ಹುಡಿ, ಮರಳಿನ ಒಂದು ಕಾಳು ಇದ್ದರೂ ಅಲ್ಲಿಂದಲೇ ಗೀರು ಶುರು. ಬೋಲ್ಟುಗಳನ್ನು ಚೀಲಕ್ಕೆ ಒಟ್ಟಿಗೆ ಸುರಿದು ಕುಲುಕಿ ತಂದರೆ ಥ್ರೆಡ್ಡಿನ ಅಂಚು ಜಜ್ಜುತ್ತದೆ. ಕಾಗದ ಸುತ್ತಿ ತನ್ನಿ.

2. ನಟ್ಟನ್ನು ಬೆರಳಿನಲ್ಲೇ ಶುರು ಮಾಡಿ. ಬೆರಳಿನಲ್ಲಿ ಮೂರು ನಾಲ್ಕು ಸುತ್ತು ಸಲೀಸಾಗಿ ಹೋಗದ ನಟ್ಟಿಗೆ ಸ್ಪಾನರು ಹಾಕಬೇಡಿ. ಬೇರೆ ಜೋಡಿ ತಗೊಳ್ಳಿ.

3. ಓರೆಯಾಗಿ ಎಳೆದು ಸಿಕ್ಕಿಸಬೇಡಿ. ತೂತಿಗೆ ತೂತು ಕೂಡದಿದ್ದಾಗ ಬೋಲ್ಟಿನಿಂದಲೇ ಚೌಕಟ್ಟನ್ನು ಎಳೆದು ಸರಿಮಾಡುವ ಅಭ್ಯಾಸ ನಮಗಿದೆ. ಕಬ್ಬಿಣದ ಬೋಲ್ಟು ಸಹಿಸುತ್ತದೆ. ಇದು ಸಹಿಸದು. ಮೊದಲು ಸನ್ನೆ ಹಾಕಿ ಚೌಕಟ್ಟನ್ನು ಸರಿಮಾಡಿ, ಆಮೇಲೆ ಬೋಲ್ಟು ಹಾಕಿ.

4. ಮೆಷಿನು ಬೇಡ. ಬೇಕೇ ಬೇಕಾದರೆ ಕಡಿಮೆ ವೇಗದಲ್ಲಿ ನಟ್ಟನ್ನು ಹತ್ತಿರ ತನ್ನಿ, ಕೊನೆಯ ಬಿಗಿ ಕೈಯಲ್ಲೇ ಮಾಡಿ. ವೇಗ ಎಂದರೆ ಬಿಸಿ, ಬಿಸಿ ಎಂದರೆ ಕಚ್ಚುವಿಕೆ.

5. ಉದ್ದ ಬೋಲ್ಟಿಗೆ ನಟ್ಟನ್ನು ಮೂರು ಇಂಚು ತಿರುಗಿಸಿಕೊಂಡು ಹೋಗಬೇಡಿ. ಬೇಕಾದಷ್ಟೇ ಉದ್ದದ ಬೋಲ್ಟು ತನ್ನಿ. ತಿರುಗಿದ ಪ್ರತಿ ಸುತ್ತೂ ಒಂದು ಉಜ್ಜು.

6. ನೈಲಾನ್ ಬಳೆ ಇರುವ ಲಾಕ್ ನಟ್ಟಿನಲ್ಲಿ ಹೆಚ್ಚು ಜಾಗ್ರತೆ. ಬಳೆ ಥ್ರೆಡ್ಡನ್ನು ಹಿಡಿದುಕೊಂಡೇ ತಿರುಗುವುದರಿಂದ ಶುರುವಿನಿಂದ ಕೊನೆಯವರೆಗೂ ಬಿಗಿ, ಬಿಸಿ. ಮುಖ್ಯವಾಗಿ, ಕಚ್ಚುವ ಬಿಗಿ ಯಾವುದು, ಬಳೆಯ ಬಿಗಿ ಯಾವುದು ಎಂದು ಕೈಗೆ ಗೊತ್ತಾಗುವುದಿಲ್ಲ. ಹಾಕಲೇಬೇಕಾದರೆ ಪೇಸ್ಟು ಹಚ್ಚಿ ನಿಧಾನ ತಿರುಗಿಸಿ. ನಾನಂತೂ ಬಹಳ ಕಡೆ ಸಾದಾ ನಟ್ಟು, ಸ್ಪ್ರಿಂಗ್ ವಾಶರಿಗೆ ಮರಳಿದ್ದೇನೆ.

7. ಸಪೂರ ಥ್ರೆಡ್ಡಿಗಿಂತ ಒರಟು ಥ್ರೆಡ್ಡು ವಾಸಿ. 10 ಎಂಎಂ ಬೋಲ್ಟಿನಲ್ಲಿ ಒಂದು ಸುತ್ತಿಗೆ 1.5 ಎಂಎಂ ಸರಿಯುವುದು ಮಾಮೂಲು ಥ್ರೆಡ್ಡು, 1.25 ಸರಿಯುವುದು ಸಪೂರ. ಮಾಮೂಲಿನದ್ದನ್ನೇ ಕೇಳಿ.

8. ಇದೇ ಎಲ್ಲಕ್ಕಿಂತ ಮುಖ್ಯ. ಬಿಗಿಯಾಗಬಾರದ ಜಾಗದಲ್ಲಿ ಬಿಗಿ ಬಂತೆಂದರೆ ನಿಲ್ಲಿಸಿ. "ಇನ್ನೊಂದು ಸುತ್ತು ನೋಡೋಣ" ಎಂಬ ಆಸೆಯೇ ನನ್ನ ಅರ್ಧ ದಿನವನ್ನು ನುಂಗಿದ್ದು.

ಬೇರೆ ಜಾತಿಯ ಜೋಡಿ

ಒಂದೇ ಜಾತಿಯ ಲೋಹಗಳು ಬೇಗ ಅಂಟುತ್ತವೆ ಎಂದೆನಲ್ಲ, ಹಾಗಾದರೆ ನಟ್ಟನ್ನು ಬೇರೆ ಲೋಹದ್ದು ಮಾಡಿದರೆ? ಒಳ್ಳೆಯ ಉಪಾಯವೇ. ನಮ್ಮ ಹಳೆಯ ರಾಕರ್ ಪಂಪಿನಲ್ಲಿ ಹಿತ್ತಾಳೆಯ ಭಾಗಗಳೇ ಹೆಚ್ಚು. ಎಷ್ಟು ಸಲ ಬಿಚ್ಚಿ ಹಾಕಿದರೂ ಹೀಗೆ ಕಚ್ಚಿದ ನೆನಪಿಲ್ಲ. ಸ್ಟೀಲ್ ಬೋಲ್ಟಿಗೆ ಹಿತ್ತಾಳೆ ಅಥವಾ ಕಂಚಿನ ನಟ್ಟು ಹಾಕಿದರೆ ಬೆಸುಗೆಯ ಭಯ ಬಹುತೇಕ ಇಲ್ಲ. ಪದೇ ಪದೇ ಬಿಚ್ಚುವಲ್ಲಿ, ಉದಾಹರಣೆಗೆ ಪಂಪಿನ ಮುಚ್ಚಳ, ಬೆಲ್ಟಿನ ಕಾಪು ಇಂಥಲ್ಲಿ ಇದು ಹೊಂದುತ್ತದೆ. ಹಿತ್ತಾಳೆಗೆ ಸ್ಟೀಲಿನಷ್ಟು ತ್ರಾಣ ಇಲ್ಲ. ಎಂಜಿನಿನ ಬುಡ, ಜೋರು ಅದುರುವ ಜಾಗಕ್ಕೆ ಬೇಡ.

ಸತು ಲೇಪದ ಕಬ್ಬಿಣದ ನಟ್ಟು ಹಾಕಿದರೂ ಕಚ್ಚುವುದು ಕಮ್ಮಿ. ಆದರೆ ಒದ್ದೆ ಜಾಗದಲ್ಲಿ ಎರಡು ಲೋಹ ಕೂಡಿದರೆ ಕೀಳು ಲೋಹ ಮೊದಲು ತಿಂದು ಹೋಗುತ್ತದೆ. ಇಲ್ಲಿ ಕೀಳು ಎಂದರೆ ಸತು, ಆಮೇಲೆ ಕಬ್ಬಿಣ. ದೊಡ್ಡ ಸ್ಟೀಲ್ ತಗಡಿಗೆ ಸಣ್ಣ ಸತುವಿನ ಬೋಲ್ಟು ಹಾಕಿದರಂತೂ ಬೋಲ್ಟಿನ ಆಯುಷ್ಯ ಮುಗಿಯಿತು. ಮನೆಯೊಳಗಿನ ಒಣ ಜಾಗಕ್ಕೆ ಮಾತ್ರ ಈ ಜೋಡಿ.

304ರ ಬೋಲ್ಟಿಗೆ 316ರ ನಟ್ಟು ಹಾಕುವ ಸಲಹೆಯೂ ಕೇಳಿಬರುತ್ತದೆ. ಬೋಲ್ಟಿನ ತಲೆಯಲ್ಲಿ ಎ2-70 ಎಂದು ಒತ್ತಿದ್ದು 304ರ ಜಾತಿ, ಎ4 ಎಂದಿದ್ದರೆ 316ರದ್ದು. 316ರಲ್ಲಿ ಎರಡು ಮೂರು ಪಾಲು ಮಾಲಿಬ್ಡಿನಂ ಇರುವುದರಿಂದ ಸಮುದ್ರದ ಉಪ್ಪುಗಾಳಿಗೆ ಹೆಚ್ಚು ತಡೆಯುತ್ತದೆ. ಕಡಲ ಬದಿಯವರಿಗೆ ಅದು ಒಳ್ಳೆಯದು. ಆದರೆ ಎರಡೂ ಹತ್ತಿರದ ಸಂಬಂಧಿಗಳೇ. ಜೋಡಿ ಬದಲಿಸಿದೆ, ಇನ್ನು ಪೇಸ್ಟು ಬೇಡ ಎಂದು ನಂಬಿ ಕೂರಬೇಡಿ.

ತೋಟದಲ್ಲಿ ಎಲ್ಲೆಲ್ಲಿ?

ಕೊಳವೆಬಾವಿ: ಈಗ ಕಬ್ಬಿಣದ ಪೈಪಿನ ಬದಲು ಯುಪಿವಿಸಿ ಪೈಪು ಇಳಿಸುತ್ತೇವೆ. ಪಂಪಿನ ಬಾಯಿಗೆ ಕೂರುವ ಕೆಳಗಿನ ಅಡಾಪ್ಟರು ಸ್ಟೇನ್‌ಲೆಸ್ಸಿನದ್ದೂ ಬರುತ್ತದೆ. ಪಂಪಿನ ಬಾಯಿಯೂ ಸ್ಟೇನ್‌ಲೆಸ್ಸೇ ಆಗಿದ್ದರೆ ಜಾಗ್ರತೆ. ಅರ್ಧಕ್ಕೆ ಕಚ್ಚಿದರೆ ಪೂರ್ತಿ ಕೂರದೆ ಉಳಿಯುತ್ತದೆ. 'ಬಿಗಿಯಾಯ್ತು' ಅಂದುಕೊಂಡು ಇಳಿಸಿದರೆ ಮುಂದೆ ಪಂಪೇ ಕಳಚಿ ಬಾವಿಗೆ ಬಿದ್ದೀತು. ಥ್ರೆಡ್ಡು ಒರೆಸಿ, ಟೆಫ್ಲಾನ್ ಟೇಪು ಸುತ್ತಿ, ಕೈಯಲ್ಲಿ ಎಷ್ಟು ಸುತ್ತು ಹೋಗುತ್ತದೆಂದು ಎಣಿಸಿ, ಆಮೇಲೆ ಪೈಪ್ ರೆಂಚಿನಲ್ಲಿ ನಿಧಾನ ತಿರುಗಿಸಿ. ಟೇಪು ಸೋರುವುದನ್ನು ತಡೆಯುವುದಷ್ಟೇ ಅಲ್ಲ, ಜಾರಿಕೆಯ ಕೆಲಸವನ್ನೂ ಮಾಡುತ್ತದೆ. ಕುಡಿಯುವ ನೀರಿನ ಬಾವಿಗೆ ಕರಿ ಗ್ರೀಸು ಬೇಡವೇ ಬೇಡ.

ಸೋಲಾರ್ ಪಂಪು: 2019ರಲ್ಲಿ ಕೇಂದ್ರದ ಕುಸುಮ್ ಯೋಜನೆ ಬಂದ ಮೇಲೆ ತೋಟಗಳಲ್ಲೂ ಸೋಲಾರ್ ಹಲಗೆಗಳು ಹೆಚ್ಚಾಗಿವೆ. ಹಲಗೆ ಹಿಡಿಯುವ ಬೋಲ್ಟುಗಳು ಸಾಮಾನ್ಯವಾಗಿ ಸ್ಟೇನ್‌ಲೆಸ್ಸು. ಜೋಡಿಸುವ ಹುಡುಗರು ಬಿಸಿಲಿನಲ್ಲಿ, ಅವಸರದಲ್ಲಿ, ಮೆಷಿನಿನಲ್ಲಿ ಒಣ ನಟ್ಟು ಹಾಕುತ್ತಾರೆ. ಕಚ್ಚಿದ ನಟ್ಟು ಬಿಗಿಯಾದ ಹಾಗೇ ಕಾಣುತ್ತದೆ, ಹಲಗೆ ಮಾತ್ರ ಸಡಿಲ. ಗಾಳಿಮಳೆಗೆ ಕಿತ್ತುಕೊಂಡು ಹೋದಾಗಲೇ ಗೊತ್ತಾಗುವುದು. ಜೋಡಿಸುವ ದಿನ ಪಕ್ಕದಲ್ಲಿ ನಿಲ್ಲಿ. ಪ್ರತಿ ಹಲಗೆಯನ್ನು ಕೈಯಲ್ಲಿ ಅಲುಗಿಸಿ ನೋಡಿ. ಪೇಸ್ಟಿನ ಡಬ್ಬ ನೀವೇ ಕೊಡಿ.

ಹಾಲಿನ ಕೊಟ್ಟಿಗೆ: ಹಾಲು ಕರೆಯುವ ಯಂತ್ರದ ಸ್ಟೀಲಿನ ಜೋಡಣೆಗಳನ್ನು ದಿನಾ ಬಿಚ್ಚಿ ತೊಳೆದು ಹಾಕುತ್ತೇವೆ. ಸಾಬೂನು ಹಾಕಿ ತೊಳೆದರೆ ಜಾರಿಕೆಯೆಲ್ಲ ಹೋಯಿತು. ಇಲ್ಲಿ ಪೇಸ್ಟು, ಕರಿ ಗ್ರೀಸು ಸಲ್ಲದು. ಆಹಾರಕ್ಕೆ ಯೋಗ್ಯವೆಂದು ಡಬ್ಬದಲ್ಲಿ ಬರೆದ ಗ್ರೀಸನ್ನೇ ತನ್ನಿ.

ಕಚ್ಚಿಯೇ ಬಿಟ್ಟರೆ?

ಮೊದಲು ಕೈ ಬಿಡಿ. ಐದು ಹತ್ತು ನಿಮಿಷ ತಣಿಯಲಿ. ತುಕ್ಕು ಬಿಡಿಸುವ ತೆಳು ಎಣ್ಣೆ ಎರಡೂ ಬದಿಯಿಂದ ಬಿಟ್ಟು ಇನ್ನೂ ಸ್ವಲ್ಪ ಕಾಯಿರಿ. ಆಮೇಲೆ ಹಿಂದಕ್ಕೆ ಒಂದಿಷ್ಟೇ, ಮುಂದಕ್ಕೆ ಒಂದಿಷ್ಟೇ, ಸುತ್ತಿನ ಎಂಟನೇ ಒಂದು ಪಾಲಿನಷ್ಟು ಅಲುಗಿಸಿ. ಶುರುವಿನಲ್ಲೇ ನಿಲ್ಲಿಸಿದ್ದರೆ ಹಲವು ಸಲ ಹೀಗೆ ಬಿಟ್ಟುಬರುತ್ತದೆ. ಬಂದರೆ ಆ ಬೋಲ್ಟನ್ನೂ ನಟ್ಟನ್ನೂ ಗುಜರಿಗೆ ಹಾಕಿ. ಒಮ್ಮೆ ಗೀರಿದ ಜೋಡಿ ಎರಡನೇ ಸಲ ಖಂಡಿತ ಕಚ್ಚುತ್ತದೆ. ಹತ್ತಿಪ್ಪತ್ತು ರೂಪಾಯಿಯ ಆಸೆ ಬೇಡ.

ಬಾರದಿದ್ದರೆ ಬಲ ಹಾಕಿ ಪ್ರಯೋಜನವಿಲ್ಲ. ಬಿಸಿ ಮಾಡಿಯೂ ಇಲ್ಲ. ತುಕ್ಕು ಹಿಡಿದ ಕಬ್ಬಿಣದ ನಟ್ಟನ್ನು ಕಾಯಿಸಿದರೆ ತುಕ್ಕಿನ ಹಿಡಿತ ಬಿಡುತ್ತದೆ. ಇಲ್ಲಿ ತುಕ್ಕೇ ಇಲ್ಲವಲ್ಲ, ಲೋಹಕ್ಕೆ ಲೋಹ ಬೆಸೆದಿದೆ. ನಟ್ಟಿನ ಒಂದು ಮುಖವನ್ನು ಬೋಲ್ಟಿಗೆ ಸಮಾನಾಂತರವಾಗಿ ಗ್ರೈಂಡರಿನಲ್ಲಿ ಸೀಳಿ, ಉಳಿಯಿಂದ ಅಗಲಿಸಿ ತೆಗೆಯುವುದೇ ಸುಲಭ. ಆರು ಎಂಟು ಎಂಎಂನ ಸಣ್ಣ ಬೋಲ್ಟು ಆರಪಾರ ಇರುವಂಥದ್ದಾದರೆ ಇನ್ನೂ ಬಿಗಿ ಮಾಡಿ ಮುರಿದೇ ತೆಗೆಯಬಹುದು. ಪೆಟ್ರೋಲು ಟ್ಯಾಂಕು, ಬ್ಯಾಟರಿ ಹತ್ತಿರ ಇದ್ದರೆ ಗ್ರೈಂಡರಿನ ಕಿಡಿ ಅಪಾಯ. ಟ್ಯಾಂಕು ಬಿಚ್ಚಿ ದೂರ ಇಟ್ಟ ಮೇಲೆಯೇ ಕೈ ಹಾಕಿ. ಕಣ್ಣಿಗೆ ಕನ್ನಡಕ ಮರೆಯಬೇಡಿ.

ಮೇ ತಿಂಗಳಲ್ಲೇ ಮುಗಿಸಿ

ಈಗ ನಮ್ಮಲ್ಲಿ ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ಮೇ ಎರಡನೇ ವಾರ ಪಂಪನ್ನು ಅಂಗಳಕ್ಕೆ ತಂದು ಬೋಲ್ಟುಗಳನ್ನೆಲ್ಲ ಒಮ್ಮೆ ಬಿಚ್ಚಿ, ಒರೆಸಿ, ಪೇಸ್ಟು ಸವರಿ, ಕೈಯಲ್ಲಿ ಬಿಗಿ ಮಾಡುತ್ತೇವೆ. ಪ್ರತಿ ಅಳತೆಯ ನಾಲ್ಕು ಬೋಲ್ಟು, ನಟ್ಟು ಹೆಚ್ಚಿಗೆ ತಂದು, ಪೇಸ್ಟು ಸವರಿಯೇ ಪ್ಲಾಸ್ಟಿಕ್ ಡಬ್ಬಕ್ಕೆ ಹಾಕಿ ಪಂಪಿನ ಹಿಡಿಗೆ ಕಟ್ಟಿಟ್ಟಿದ್ದೇವೆ. ಮಳೆಯ ನಡುವೆ, ಏಣಿಯ ಬುಡದಲ್ಲಿ ನಿಂತು ಗ್ರೀಸು ಹುಡುಕುವ ತಾಪತ್ರಯ ಇಲ್ಲ. ಬ್ಯಾಟರಿ ಮೆಷಿನು ಆ ದಿನ ಕಪಾಟಿನಿಂದ ಹೊರಗೆ ಬರುವುದಿಲ್ಲ.

2024, 2025 ಎರಡೂ ಮಳೆಗಾಲ ದಾಟಿದವು. ಹೊಳವಾದ ದಿನ ಬೆಲ್ಟು ಬಿಗಿ ಮಾಡಬೇಕಾಗಿ ಬಂದದ್ದುಂಟು. ಹತ್ತು ನಿಮಿಷದ ಕೆಲಸ ಹತ್ತೇ ನಿಮಿಷದಲ್ಲಿ ಮುಗಿದಿದೆ. ಸ್ಟೇನ್‌ಲೆಸ್ ಬೋಲ್ಟು ಬೇಡವೆಂದು ನಾನು ಹೇಳುವುದಿಲ್ಲ. ಮೈಲುತುತ್ತಿನ ನೀರಿಗೆ ಅದಕ್ಕಿಂತ ಬಾಳುವ ಬೋಲ್ಟು ನಮಗೆ ಸುಲಭದಲ್ಲಿ ಸಿಗದು. ಅದರ ಸ್ವಭಾವ ತಿಳಿದು ಹಾಕಬೇಕು, ಅಷ್ಟೇ. ನಾನು ತಿಳಿಯದೆ ಹಾಕಿದ್ದಕ್ಕೆ ಕೆಳಗಿನ ತೋಟದ ಅಡಿಕೆ ದಂಡ ತೆತ್ತಿತು. ನಿಮ್ಮ ಪಂಪಿನಲ್ಲಿ ಒಣ ಸ್ಟೀಲ್ ಬೋಲ್ಟುಗಳಿದ್ದರೆ ಈ ಪತ್ರಿಕೆ ಕೆಳಗಿಟ್ಟ ಮೇಲೆ ಒಮ್ಮೆ ಹೋಗಿ ನೋಡಿ. ಬಿಚ್ಚುವಾಗಲೂ ನಿಧಾನ, ಮೊದಲು ಎಣ್ಣೆ ಬಿಟ್ಟು. ಯಾರಾದರೂ ಇದಕ್ಕಿಂತ ಸುಲಭದ ಉಪಾಯ ಕಂಡುಕೊಂಡಿದ್ದರೆ ಬರೆದು ತಿಳಿಸಿ, ಎಲ್ಲರಿಗೂ ಉಪಯೋಗವಾದೀತು.